ಹಡಗಿಗೆ ಹೋದ ಹಸಿರು ನಿಂಬೆ

೧೯೪೮ರ ಬೇಸಿಗೆಯಲ್ಲಿ ವಿಜಾಪುರದ ಹಣ್ಣಿನ ವ್ಯಾಪಾರಿ ಅಲ್ಲಾಉದ್ದೀನ ಸಾಹೇಬರು ತಿಕೋಟಾದ ರೇಣುಕವ್ವನ ನಿಂಬೆ ತೋಟಕ್ಕೆ ಬಂದರು.

“ಹಸಿರು ಇದ್ದಾಗಲೇ ಹರೀರಿ ಅಕ್ಕಾ. ಮುಂಬೈದಿಂದ ಹಡಗಿನ್ಯಾಗ ಪರದೇಶಕ್ಕ ಹೋಗ್ತಾವ.”

ರೇಣುಕವ್ವ ಕಕ್ಕಾಬಿಕ್ಕಿಯಾದಳು. ಹಳದಿಯಾಗದ ಕಾಯಿಯನ್ನು ಆಕೆ ಎಂದೂ ಮಾರಿದವಳಲ್ಲ.

“ಕಾಯಿ ತಗೊಂಡು ಅವರೇನ್ ಮಾಡ್ತಾರ್ರಿ ಅಣ್ಣಾರ?”

“ಹಾದ್ಯಾಗ ಹಣ್ಣಾಗ್ತಾವಂತ. ನಾನೂ ನೋಡಿಲ್ಲ.”

ನಂಬಬೇಕೋ ಬಿಡಬೇಕೋ ತಿಳಿಯದೆ ಆಕೆ ಅರ್ಧ ಗಿಡಗಳ ಕಾಯಿಯನ್ನಷ್ಟೇ ಕೀಳಿಸಿ ಕೊಟ್ಟಳು. ಮಳೆಗಾಲದಲ್ಲಿ ಸಾಹೇಬರು ಮತ್ತೆ ಬಂದರು. ಸರಕು ಚೆನ್ನಾಗಿ ಮುಟ್ಟಿತ್ತು, ಪರದೇಶದವರು ಇನ್ನೂ ಬೇಕೆಂದಿದ್ದರು.

“ಈ ಸಲ ಎಲ್ಲಾ ಗಿಡದ್ದೂ ಹರಸ್ತೇನ್ರಿ,” ಅಂದಳು ರೇಣುಕವ್ವ. ಆದರೂ ಆಕೆಗೆ ಸಮಾಧಾನವಿರಲಿಲ್ಲ. “ಅಲ್ರೀ, ಅವರಿಗೆ ಉಪ್ಪಿನಕಾಯಿ ಹಾಕಾಕ ಬರ್ತದೇನ್ರಿ?”

ಸಾಹೇಬರು ಗಡ್ಡ ಕೆರೆದುಕೊಂಡರು. “ಅದನ್ನ ಕೇಳೋದು ಹೊಳೀಲೇ ಇಲ್ಲ ನೋಡ್ರಿ ಅಕ್ಕಾ.”