ಹುಳಕ್ಕೆ ಆಗಲ್ಲ

ಮರಳವಾಡಿಯ ಸುತ್ತಮುತ್ತ ರೇಷ್ಮೆ ಹುಳುವಿನಷ್ಟು ನಖರಾ ಮಾಡುವ ಜೀವ ಇನ್ನೊಂದಿಲ್ಲ. ಅದಕ್ಕೆ ಊದುಬತ್ತಿಯ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಬೀಡಿ ಸೇದಿದ ಬಾಯಿ ಆಗದು, ಪೌಡರ್ ಬಳಿದುಕೊಂಡ ಮುಖವಂತೂ ಆಗಲೇ ಆಗದು. ಮನೆ ಅಳಿಯನಿಗೂ ಇಲ್ಲದ ಉಪಚಾರ ಅದಕ್ಕೆ ನಡೆಯುತ್ತದೆ. ಮಾಯಮ್ಮನ ಹುಳುಮನೆಯ ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಉದುರಿಸಿದ ಗೋಣಿಚೀಲ ಸದಾ ಬಿದ್ದಿರುತ್ತಿತ್ತು. ಅದರ ಮೇಲೆ ಕಾಲು ಒರೆಸದೆ ಒಳಗೆ ನುಗ್ಗಿದವರ ಜನ್ಮ ಜಾಲಾಡದೆ ಆಕೆ ಬಿಟ್ಟವಳಲ್ಲ. ತನಗೆ ಬೇಡವಾದವರನ್ನು ಹೊರಗಿಡಲು ಆಕೆಗೆ ಎರಡೇ ಮಾತು ಸಾಕಾಗಿತ್ತು: "ಹುಳಕ್ಕೆ ಆಗಲ್ಲ." ಅದಕ್ಕೆ ಎದುರಾಡುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಎರಡು ಮಾತು ಸೊಸೆ ಲತಾಮಣಿಯ ಮೇಲೂ ಬಿದ್ದು ಎರಡು ವರ್ಷವಾಗುತ್ತ ಬಂದಿತ್ತು.

ಅದಕ್ಕೂ ಒಂದು ವರ್ಷದ ಹಿಂದೆ ಊರಿಗೆಲ್ಲ ಚಿಕುನ್‌ಗುನ್ಯ ಬಂದಾಗ ಲತಾಮಣಿಗೂ ಬಂತು. ಎಲ್ಲರ ಜ್ವರವೂ ಹೋಯಿತು, ಕೈಕಾಲು ನೋವೂ ಹೋಯಿತು. ಲತಾಮಣಿಯ ಜ್ವರವೂ ಹೋಯಿತು, ಆದರೆ ಸುಸ್ತು ಹೋಗಲಿಲ್ಲ. ಅದು ಬೆವರು ಸುರಿಸಿ ದುಡಿದವರ ಸುಸ್ತಲ್ಲ. ಅಂಥದ್ದನ್ನು ಒಂದು ಮುದ್ದೆ, ಒಂದು ನಿದ್ದೆ ಸರಿಮಾಡುತ್ತವೆ. ಇದು ನಿದ್ದೆ ಮಾಡಿ ಎದ್ದರೂ ಇರುವ ಸುಸ್ತು. ಸ್ನಾನ ಮಾಡಿದರೆ ಒಂದು ಗಂಟೆ ಮಲಗಬೇಕು. ಪಕ್ಕದ ಮನೆಯ ಮಿಕ್ಸಿ ತಿರುಗಿದರೆ ತಲೆಯೊಳಗೇ ತಿರುಗಿದಂತಾಗುತ್ತಿತ್ತು. ನಾಟಿ ಕೋಳಿ ಸಾರು, ಕಾಲು ಸೂಪು, ದೃಷ್ಟಿ ತೆಗೆಯುವುದು, ತಾಯತ, ಟಾನಿಕ್ಕು, ಎಲ್ಲವೂ ಆದವು. ರಕ್ತ ಕೊಟ್ಟು ಕೊಟ್ಟು ತೋಳು ಕಪ್ಪಗಾಯಿತೇ ಹೊರತು ರಿಪೋರ್ಟಿನಲ್ಲಿ ಏನೂ ಬರಲಿಲ್ಲ. ರಿಪೋರ್ಟಿನಲ್ಲಿ ಬಾರದ ಕಾಯಿಲೆಗೆ ಊರಿನಲ್ಲಿ ಒಂದೇ ಹೆಸರು. ಸೋಮಾರಿತನ.

ಕೊನೆಗೆ ರಾಮನಗರದ ಒಬ್ಬ ಡಾಕ್ಟರಮ್ಮ ಪೂರ್ತಿ ಕಥೆ ಕೇಳಿ, ಇದು ನಿಜವಾದ ಕಾಯಿಲೆಯೇ, ಜ್ವರದ ಬೆನ್ನಿಗೆ ಕೆಲವರಿಗೆ ಹೀಗಾಗುತ್ತದೆ, ನಿಧಾನವಾಗಿ ಮೇಲೇಳಬಹುದು ಎಂದರು. ಆ ಮಾತು ಕೇಳಿಯೇ ಲತಾಮಣಿ ಅತ್ತುಬಿಟ್ಟಳು. ಸುಸ್ತಾದ ಮೇಲೆ ಅಲ್ಲಮ್ಮ, ಸುಸ್ತಾಗುವ ಮುಂಚೆ ಕೂರಬೇಕು, ಅದೊಂದು ಕಲಿತರೆ ಅರ್ಧ ಗೆದ್ದ ಹಾಗೆ ಎಂದು ಹೇಳಿ ಕಳಿಸಿದರು.

ಬಸ್ಸಿನಲ್ಲಿ ಗಂಡ ನಟರಾಜು ತುಂಬ ಹೊತ್ತು ಯೋಚಿಸಿದ. "ಸುಸ್ತಾಗೋಕ್ ಮುಂಚೆ ಕೂತ್ಕಳದು ಅಂದ್ರೆ, ಅದ್ನೇ ಅಲ್ವಾ ಸೋಮಾರಿತನ ಅನ್ನದು" ಎಂದ. ಕೆಟ್ಟವನಲ್ಲ ನಟರಾಜು. ಮನಸ್ಸಿಗೆ ಬಂದದ್ದು ಬಾಯಿಗೆ ಬರುವ ಮೊದಲು ಎಲ್ಲೂ ನಿಲ್ಲುತ್ತಿರಲಿಲ್ಲ, ಅಷ್ಟೆ.

ಅದಾದ ಕೆಲವು ವಾರಕ್ಕೆ ಲತಾಮಣಿಗೆ ಒಮ್ಮೆ ಒಸಿ ಹಗುರವಾಯಿತು. ಹಗುರವಾದ ವಾರದಲ್ಲೇ ಹುಳು ಹಣ್ಣಾದವು.

ಹುಳು ಹಣ್ಣಾಗುವ ದಿನವೆಂದರೆ ರೇಷ್ಮೆ ಮನೆಯವರಿಗೆ ಮದುವೆ ದಿನವಿದ್ದಂತೆ. ತಿಂಗಳಿಡೀ ಸೊಪ್ಪು ತಿಂದ ಹುಳು ಇದ್ದಕ್ಕಿದ್ದಂತೆ ಬಾಯಿ ಬಿಗಿದು, ಮೈ ಹಳದಿಯಾಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆ ಹೊತ್ತಿಗೆ ಅದನ್ನು ಆಯ್ದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ನೂಲು ಸೊಪ್ಪಿನ ಹಾಸಿಗೆಯ ಪಾಲು, ಅವಸರವಾದರೆ ಗೂಡು ಜಳ್ಳು. ಲತಾಮಣಿ ತಿಪ್ಪಸಂದ್ರದ ಕಡೆಯ ಹುಡುಗಿ, ಹುಳುವಿನ ಮನೆಯಲ್ಲೇ ಕಣ್ಣು ಬಿಟ್ಟವಳು. ಹಣ್ಣು ಹುಳು ಆಯುವುದರಲ್ಲಿ ಅವಳ ಕೈ ಮೀರಿಸುವವರಿರಲಿಲ್ಲ. ಆವತ್ತು ಎಲ್ಲರೂ ಬೇಡವೆಂದರೂ ಸೆರಗು ಸಿಕ್ಕಿಸಿ ಒಳಗೆ ಹೋದಳು. ಬೆಳಗಿನಿಂದ ಸಂಜೆವರೆಗೆ ನಿಂತೇ ಆಯ್ದಳು. ಬಂದವರೆಲ್ಲ ಹೊಗಳಿದರು, ಹೊಗಳಿಕೆಗೆ ಇನ್ನಷ್ಟು ಆಯ್ದಳು. ಮಾರನೇ ಬೆಳಿಗ್ಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಅವಳು ಮತ್ತೆ ಅಂಗಳಕ್ಕೆ ಬರುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು.

ಅಂಗಳಕ್ಕೆ ಬಂದ ದಿನವೇ ಮಾಯಮ್ಮ ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: "ಕಾಯ್ಲೆ ಇರೋರು ಹುಳಿನ್ ಮನೆ ಹೊಸ್ಲು ತುಳಿಬಾರ್ದು. ಹುಳಕ್ಕೆ ಆಗಲ್ಲ."

ನೆರೆಯವರು ಗುಸುಗುಸು ಮಾಡಿದರು. ಎಂಥ ಕಲ್ಲು ಮನಸ್ಸಿನ ಅತ್ತೆ ಎಂದರು. ಲತಾಮಣಿಗೆ ಸೋಮಾರಿ ಎಂದಾಗಲೂ ಅಷ್ಟು ನೋವಾಗಿರಲಿಲ್ಲ.

ಆಮೇಲೆ ಅವಳು ಹಟ ಹಿಡಿದು ಕೂರುವುದನ್ನು ಕಲಿತಳು. ನಗಬೇಡಿ, ಅದು ಸುಲಭದ ವಿದ್ಯೆಯಲ್ಲ. ಅರ್ಧ ಅಂಗಳ ಗುಡಿಸಿ, ಇನ್ನರ್ಧ ಕಣ್ಣೆದುರೇ ಬಿದ್ದಿರುವಾಗ ಪೊರಕೆ ಇಟ್ಟು ಜಗಲಿಯ ಮೇಲೆ ಕೂತು ನೋಡಿ, ಗೊತ್ತಾಗುತ್ತದೆ. ಮಗಳು ಸ್ಕೂಲಿಗೆ ಹೊರಡುವಾಗ ಒಂದು ಜಡೆ ತಾನು ಹಾಕಿ ಕೈ ಇಳಿಸುತ್ತಿದ್ದಳು, ಇನ್ನೊಂದನ್ನು ಮಾಯಮ್ಮ ಹಾಕುತ್ತಿದ್ದಳು. ಅಮ್ಮನ ಜಡೆ ಸಡಿಲ, ಅಜ್ಜಿಯ ಜಡೆ ಹಗ್ಗ ಹೊಸೆದಂತೆ ಬಿಗಿ. ಆ ಹುಡುಗಿ ಒಂದು ವರ್ಷ ಹಾಗೆಯೇ ಓಡಾಡಿತು. ಈ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಎರಡು ಜಡೆಯನ್ನೂ ಲತಾಮಣಿಯೇ ಹಾಕಿ ಮುಗಿಸಿದಳು. ಮುಗಿಸಿದ ಮೇಲೆಯೇ ಅವಳಿಗೆ ಅದು ಹೊಳೆದದ್ದು. ಮಗಳ ತಲೆ ಹಿಡಿದು ಮುತ್ತು ಕೊಟ್ಟಳು, ಎಣ್ಣೆ ಮೂಗಿಗೆ ಮೆತ್ತಿಕೊಂಡಿತು.

ಅಲ್ಲಿಂದ ಮುಂದೆ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದರೂ ಮಾರನೇ ದಿನ ಎದ್ದು ಕೂರುತ್ತಿದ್ದಳು. ಸಾರಿಗೆ ರುಚಿ ಬಂತು, ಮಾತಿಗೆ ಜಗಳ ಬಂತು. ನಟರಾಜುವಿಗೆ ಹೆಂಡತಿಯ ಬೈಗುಳ ಕೇಳಿ ಇಷ್ಟು ಸಂತೋಷವಾಗುತ್ತದೆಂದು ಅವನೇ ಅಂದುಕೊಂಡಿರಲಿಲ್ಲ. ಆದರೆ ಹುಳುಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ಗಂಡನನ್ನು ಕೇಳಿದರೆ ತಲೆ ಕೆರೆದುಕೊಂಡು "ಅವ್ವನ್ನ ಕೇಳು" ಎನ್ನುತ್ತಿದ್ದ. ಅವ್ವನನ್ನು ಕೇಳಿದರೆ ಅದೇ ಎರಡು ಮಾತು. ಆ ಹೊಸ್ತಿಲು ದಾಟದಿದ್ದರೆ ಈ ಮನೆಯಲ್ಲಿ ತಾನು ಸಾಯುವವರೆಗೂ ರೋಗಿಯೇ ಎಂದು ಲತಾಮಣಿಗೆ ಅನ್ನಿಸತೊಡಗಿತು.

ಈ ಸಲದ ಬೆಳೆ ಬಿಸಿಲಿಗೆ ಒಟ್ಟಿಗೇ ಹಣ್ಣಾಯಿತು. ಬೆಳಿಗ್ಗೆ ನೋಡಿದರೆ ಹಾಸಿಗೆ ತುಂಬ ತಲೆ ಎತ್ತಿದ ಹುಳುಗಳೇ. ಇಂಥ ದಿನ ಕೂಲಿ ಲೆಕ್ಕವಿಲ್ಲ. ಇವರ ಮನೆಗೆ ಅವರು, ಅವರ ಮನೆಗೆ ಇವರು, ಮುಯ್ಯಾಳಾಗಿ ಬರುವುದು ವಾಡಿಕೆ. ಆದರೆ ಕನಕಪುರದಲ್ಲಿ ಯಾರದೋ ಮದುವೆ, ಅರ್ಧ ಊರೇ ಅಲ್ಲಿತ್ತು. ಬಂದ ಕೆಲವೇ ಹೆಂಗಸರು ಒಳಗೆ ಒದ್ದಾಡುತ್ತಿದ್ದರು. ಲತಾಮಣಿ ಚಪ್ಪರದ ಕೆಳಗೆ ಕಾಫಿ ಲೋಟ ಜೋಡಿಸುತ್ತ ಕೂತಿದ್ದಳು. ಅವಳ ಬೆರಳುಗಳು ಸುಮ್ಮನಿರಲಾರದೆ ಲೋಟಗಳನ್ನೇ ಮತ್ತೆ ಮತ್ತೆ ಜೋಡಿಸುತ್ತಿದ್ದವು.

ಅಷ್ಟರಲ್ಲಿ ಪಕ್ಕದ ಮನೆಯ ಚೆಲುವಯ್ಯ ಬಂದ. ಬಿರುಬೇಸಿಗೆಯಲ್ಲಿ ಮಂಕಿ ಟೋಪಿ, ಕೆಂಪು ಕಣ್ಣು, ಕೈಯಲ್ಲಿ ಟವೆಲು. ಗೇಟಿನಲ್ಲೊಮ್ಮೆ ಸೀನಿದ, ಚಪ್ಪರದಲ್ಲೊಮ್ಮೆ ಸೀನಿದ, ಹುಳುಮನೆಯ ಬಾಗಿಲಲ್ಲಿ ನಿಂತು ಗೋಡೆಯ ಸುಣ್ಣ ಉದುರುವಂತೆ ಸೀನಿದ.

"ಒಸಿ ಶೀತ ಆಗದೆ ಮಾಯಕ್ಕ. ಒಳಿಕ್ ಬರ್ಲಾ?"

"ಬಾ ಬಾ, ಕಾಲ್ ಒರಸ್ಕ ಬಾ. ಆಳಿಲ್ದೆ ಸಾಯ್ತಾ ಇವ್ನಿ" ಎಂದಳು ಮಾಯಮ್ಮ. ಚೆಲುವಯ್ಯ ಮೂಗು ಒರೆಸಿಕೊಂಡು ಒಳಗೆ ಹೋದ.

ಲತಾಮಣಿಗೆ ಮೈಯೆಲ್ಲ ಉರಿಯಿತು. ಲೋಟ ಅಲ್ಲೇ ಬಿಟ್ಟು ಎದ್ದಳು. ಗೋಣಿಚೀಲದ ಮೇಲೆ ಕಾಲು ಒರೆಸಿದಳು. ಮಾಯಮ್ಮನ ಕೈ ಬಾಗಿಲಿಗೆ ಅಡ್ಡ ಬಂತು.

"ಎಲ್ಲಿಗವ್ವ?"

"ಹುಳ ಆಯಕ್ಕೆ."

"ನಿಂಗೆ ಹೇಳಿಲ್ವಾ, ಹುಳಕ್ಕೆ..."

"ಚೆಲುವಯ್ಯ ಮಾವ ಸೀನ್ಕೊಂಡೇ ಒಳಿಕ್ ಹೋದ್ರಲ್ಲ ಅತ್ತೆ."

"ಅದು ಶೀತ."

"ಶೀತ ಕಾಯ್ಲೆ ಅಲ್ವಾ? ಅವ್ರು ಮುಟ್ಟುದ್ರೆ ಆಯ್ತದೆ, ನಾನು ಮುಟ್ಟುದ್ರೆ ಆಗಲ್ವಾ? ನಂಗೇನು ಅಂಟುರೋಗ ಬಂದಿತ್ತಾ? ಹೇಳಿ ಅತ್ತೆ."

ಒಳಗೆ ಆಯುತ್ತಿದ್ದವರ ಕೈಗಳೆಲ್ಲ ನಿಂತವು. ಒಂದು ಸೀನು ಬರುವುದಿತ್ತು, ಅದನ್ನೂ ಚೆಲುವಯ್ಯ ಟವೆಲಿನಲ್ಲಿ ಅದುಮಿಕೊಂಡ.

ಮಾಯಮ್ಮ ಅಡ್ಡ ಹಿಡಿದ ಕೈ ಇಳಿಸಿದಳು. ಒಳಗೊಮ್ಮೆ ನೋಡಿದಳು. ಆಮೇಲೆ ಹಿಂದಿನಿಂದ ಬಾಗಿಲು ಎಳೆದುಕೊಂಡು, ಸೊಸೆಯ ರಟ್ಟೆ ಹಿಡಿದು ಚಪ್ಪರದ ಮೂಲೆಗೆ ಕರೆದುಕೊಂಡು ಹೋದಳು.

"ಹುಳಕ್ಕೇನೂ ಆಗಲ್ಲ ಕಣವ್ವ" ಎಂದಳು. "ನಿಂಗ್ ಆಯ್ತದಲ್ಲ ಅಂತ."

ಲತಾಮಣಿ ಕಣ್ಣು ಬಿಟ್ಟು ನೋಡಿದಳು.

"ಆವತ್ತು ಚಾಪೆ ಮ್ಯಾಲೆ ಮನೀಕ ಅಂದೆ. ಮನೀಕಂಡ್ಯಾ? ಎಲ್ರೂ ಬ್ಯಾಡ ಅಂದ್ರೂ ಹೋದೆ. ಅರ್ಧ ವರ್ಷ ನಿನ್ ತಲೆ ಎತ್ತಿ ನೀರ್ ಕುಡ್ಸಿದ್ದು ನಾನು. ಮ್ಯಾಕೆದ್ ಮ್ಯಾಲೆ ಇನ್ನೊಂದ್ ಸತಿ ಅಂಗೇ ಆದ್ರೆ ಅಂತ ನಂಗೆ ಪುಕಪುಕ ಅಂತಿತ್ತು. ಸುಮ್ಕೆ ಬ್ಯಾಡ ಅಂದ್ರೆ ನೀನ್ ಕೇಳಕಿಲ್ಲ. ನಟರಾಜು ಒಸಿ ಬಾ ಅಂತಾನೆ, ಊರೋರು ಎದ್ದೌಳಲ್ಲ ಬರ್ಲಿ ಅಂತಾರೆ. ಈ ಮನೇಲಿ ನನ್ ಮಾತ ಯಾರ್ ಕೇಳ್ತಾರೆ? ಹುಳ ಅಂದ್ರೆ ಎಲ್ರೂ ಕೇಳ್ತಾರೆ."

"ಊರೋರು ನಿಮ್ಮನ್ನ ಏನೇನಂದ್ರು ಗೊತ್ತಾ ಅತ್ತೆ?"

"ಗೊತ್ತು. ಅಂದ್ಕಳ್ಲಿ."

ಲತಾಮಣಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡನ್ನೂ ತಳ್ಳಿಕೊಂಡು ಅಳು ಬಂತು. ಎರಡು ವರ್ಷ ತನ್ನನ್ನು ಹೊರಗಿಟ್ಟಿದ್ದ ಆ ಬಾಗಿಲು ತನ್ನನ್ನು ಕಾಯುತ್ತಿತ್ತೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಕಣ್ಣು ಒರೆಸಿಕೊಂಡು, "ನಂಗೆ ಈಗ ಕೂತ್ಕಳಕ್ ಬತ್ತದೆ ಅತ್ತೆ. ನೀವೇ ನೋಡಿದೀರಲ್ಲ" ಎಂದಳು.

ಮಾಯಮ್ಮ ನೋಡಿದ್ದಳು. ಅರ್ಧ ಗುಡಿಸಿದ ಅಂಗಳವನ್ನೂ ನೋಡಿದ್ದಳು, ಎರಡು ಸಡಿಲ ಜಡೆಯನ್ನೂ ನೋಡಿದ್ದಳು. "ಬಾ" ಎಂದಳು.

ಒಳಗೆ ಬಾಗಿಲ ಪಕ್ಕದಲ್ಲೇ, ಹುಳು ಸಾಕುವ ಎದೆಮಟ್ಟದ ಅಟ್ಟಣೆಗಳ ಸಾಲಿನ ಕೊನೆಗೆ, ಒಂದೇ ಒಂದು ಅಟ್ಟಣೆ ಮೊಣಕಾಲ ಮಟ್ಟಕ್ಕಿತ್ತು. ಅದರ ಮುಂದೆ ಚನ್ನಪಟ್ಟಣದ ಕೆಂಪು ಅರಗಿನ ಬಣ್ಣದ ಪುಟ್ಟ ಸ್ಟೂಲು. ಕೂತು ಆಯಲು ಹೇಳಿ ಮಾಡಿಸಿದ ಹಾಗಿತ್ತು. ಹೇಳಿ ಮಾಡಿಸಿದ್ದೇ ಆಗಿತ್ತು.

"ಹೋದ್ ಬೆಳೆಲೇ ಮಾಡ್ಸುದ್ಲು ಅವ್ವ" ಎಂದ ನಟರಾಜು, ಬುಟ್ಟಿ ಹೊತ್ತುಕೊಂಡು ಬಂದವನು. "ಯಾಕವ್ವ ಇಷ್ಟು ತಗ್ಗಕೆ ಅಂದ್ರೆ, ಹುಳಕ್ಕೆ ಬೇಕು ಅಂದ್ಲು. ನಾನೂ ಹೂಂ ಅಂದೆ."

ಲತಾಮಣಿ ಸ್ಟೂಲಿನ ಮೇಲೆ ಕೂತಳು. ಸೊಪ್ಪಿನ ಹಸಿ ವಾಸನೆ ಮೂಗಿಗೆ ಬಡಿಯಿತು. ಮೊದಲ ಹುಳುವನ್ನು ಬೆರಳಿಗೆ ತೆಗೆದುಕೊಂಡಾಗ ಅದು ತಣ್ಣಗೆ, ಮೆತ್ತಗೆ, ತಲೆ ಆಡಿಸುತ್ತ ಜಾಗ ಹುಡುಕಿತು. ಬೆಳಕಿಗೆ ಹಿಡಿದರೆ ಮೈ ಒಳಗಿನ ಹಳದಿ ಕಾಣುತ್ತಿತ್ತು. ಕೈ ಏನನ್ನೂ ಮರೆತಿರಲಿಲ್ಲ. ಹಣ್ಣಾದದ್ದು ಬುಟ್ಟಿಗೆ, ಆಗದ್ದು ಅಲ್ಲೇ. ಕಣ್ಣು ನೋಡುವ ಮೊದಲೇ ಬೆರಳು ಆರಿಸುತ್ತಿತ್ತು. ಅವಳಿಗೆ ಹಾಡಬೇಕೆನಿಸಿತು. ಹೆಂಗಸರು ಮದುವೆಯ ಊಟದ ಸುದ್ದಿ ತೆಗೆದರು, ಇವಳೂ ನಾಲ್ಕು ಮಾತು ಸೇರಿಸಿದಳು, ಎಲ್ಲರೂ ನಕ್ಕರು. ಬುಟ್ಟಿ ತುಂಬಿತು, ಇನ್ನೊಂದು ಬಂತು.

ಎರಡನೇ ಬುಟ್ಟಿ ಅರ್ಧವಾದಾಗ ಅವಳು ಎದ್ದು ನಿಂತಳು. ಆವತ್ತಿಡೀ ಮಾಡಿದ ಕಷ್ಟದ ಕೆಲಸವೆಂದರೆ ಅದೊಂದೇ. ಕೈ ಇನ್ನೂ ಬೇಕು ಬೇಕು ಎನ್ನುತ್ತಿತ್ತು. ಹೆಂಗಸರೆಲ್ಲ ತಲೆ ಎತ್ತಿ ನೋಡಿದರು.

"ಸುಸ್ತಾಯ್ತಾ?" ನಟರಾಜು ಗಾಬರಿಯಿಂದ ಕೇಳಿದ.

"ಇಲ್ಲ. ಅದ್ಕೇ ಹೋಯ್ತಿರದು" ಎಂದಳು ಲತಾಮಣಿ.

ಹೊಂಗೆ ಮರದ ನೆರಳಿನಲ್ಲಿ ಚಾಪೆ ಹಾಸಿಕೊಂಡು, ಅಷ್ಟು ಜನ ದುಡಿಯುತ್ತಿರುವಾಗ, ನಾಚಿಕೆಯಿಲ್ಲದೆ ಕಣ್ಣು ಮುಚ್ಚಿದಳು. ಒಳಗೆ ಯಾರೋ ಏನೋ ಅಂದರು. "ಮನೀಕಳ್ಲಿ ಬುಡಿ, ಹುಳಕ್ಕೆ ಒಳ್ಳೇದು" ಎಂದಳು ಮಾಯಮ್ಮ. ಅದಕ್ಕೂ ಯಾರೂ ಎದುರಾಡಲಿಲ್ಲ. ಸಂಜೆಯ ಮೊದಲು ಲತಾಮಣಿ ಇನ್ನೊಮ್ಮೆ ಹೋಗಿ ಕೂತಳು, ಇನ್ನೊಮ್ಮೆ ಎದ್ದು ಬಂದಳು.

ಆದರೆ ಈ ಕಾಯಿಲೆ ಆವತ್ತಿನ ಲೆಕ್ಕ ಆವತ್ತೇ ಕೇಳುವುದಿಲ್ಲ, ಮಾರನೇ ದಿನ ಬಂದು ಕೇಳುತ್ತದೆ. ಅದು ಮನೆಯವರಿಗೆಲ್ಲ ಗೊತ್ತಿತ್ತು. ಬೆಳಗಾದಾಗ ಲತಾಮಣಿ ಕಣ್ಣು ಬಿಡದೆ ಮಲಗಿಯೇ ಇದ್ದಳು. ಹೊರಗೆ ಮಾಯಮ್ಮ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಳು. ನಟರಾಜು ಒರೆಸಿದ ಬೈಕನ್ನೇ ಒರೆಸುತ್ತಿದ್ದ. ಲತಾಮಣಿ ಕಾಲ್ಬೆರಳು ಆಡಿಸಿದಳು. ಕೈ ಎತ್ತಿದಳು, ಎದ್ದಿತು. ಹೆದರಿ ಹೆದರಿ ತಲೆ ಎತ್ತಿದಳು. ತಲೆ ದಿಂಬು ಬಿಟ್ಟು ಬಂತು. ಮೈ ಸ್ವಲ್ಪ ನೋಯುತ್ತಿತ್ತು, ಎಲ್ಲರಿಗೂ ನೋಯುವಷ್ಟೇ.

ಬಾಗಿಲಿಗೆ ಬಂದು, "ಕಾಪಿ ಕಾಸಿದೀರೋ, ನಾನೇ ಕಾಸ್ಲೋ?" ಎಂದಳು.

ನಟರಾಜುವಿನ ಕೈಯಿಂದ ಬಟ್ಟೆ ಬಿತ್ತು. ಮಾಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿ, ಏನೋ ಹೇಳಲು ಬಾಯಿ ತೆರೆದಳು. ಮಾತಿನ ಬದಲು ಸೀನು ಬಂತು. ಹಿಂದೆಯೇ ಇನ್ನೊಂದು. ಚೆಲುವಯ್ಯ ಮುಯ್ಯಿಗೆ ಬಂದವನು ಬರಿಗೈಲಿ ಬಂದಿರಲಿಲ್ಲ.

ಮೂಗು ಒರೆಸಿಕೊಂಡು ಮಾಯಮ್ಮ ಹುಳುಮನೆಯ ಕಡೆ ಹೊರಟಳು. ತಡವಾಗಿ ಹಣ್ಣಾದ ಹುಳುಗಳು ಇನ್ನೂ ಹಾಸಿಗೆಯಲ್ಲಿದ್ದವು. ಆಕೆ ಗೋಣಿಚೀಲದ ಮೇಲೆ ಕಾಲಿಡುವಷ್ಟರಲ್ಲಿ ಲತಾಮಣಿ ಮುಂದೆ ಹೋಗಿ ಹೊಸ್ತಿಲಲ್ಲಿ ನಿಂತು, ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಎಲ್ಲಿಗತ್ತೆ?"

"ಹಿಂದುಳ್ದಿರವ ಆಯ್ಬೇಕಲ್ಲವ್ವ."

"ನೀವ್ ಬರಂಗಿಲ್ಲ. ಹೋಗಿ ಮನೀಕಳಿ."

"ಯಾಕೆ?"

"ಹುಳಕ್ಕೆ ಆಗಲ್ಲ."

ಮಾಯಮ್ಮ ಸೊಸೆಯ ಮುಖ ನೋಡಿದಳು, ಅಡ್ಡ ಹಿಡಿದ ಕೈ ನೋಡಿದಳು. ಮದುವೆಯಾಗಿ ಆ ಮನೆಗೆ ಬಂದ ದಿನದಿಂದ ಹಗಲು ಹೊತ್ತು ಬೆನ್ನು ನೆಲಕ್ಕೆ ತಾಗಿಸದವಳು, ಮರುಮಾತಾಡದೆ ಹೊಂಗೆ ಮರದ ಕಡೆ ನಡೆದಳು. ಚಾಪೆಯ ಮೇಲೆ ಮಲಗಿ ಮುಖದ ಮೇಲೆ ಸೆರಗು ಎಳೆದುಕೊಂಡಳು. ನಗುವಿಗೆ ಆಕೆಯ ಹೊಟ್ಟೆ ಕುಣಿಯುವುದು ಹುಳುಮನೆಯ ಬಾಗಿಲವರೆಗೂ ಕಾಣುತ್ತಿತ್ತು. ಲತಾಮಣಿ ಒಳಗೆ ಹೋಗಿ ಕೆಂಪು ಸ್ಟೂಲನ್ನು ಎಳೆದುಕೊಂಡು ಕೂತಳು.