ಎರಡು ಬೆರಳಿನ ಮುಲಾಮು

ನನ್ನ ಮೊಮ್ಮಗಳು ಅಕ್ಷತಾ ಸೈಕಲ್ ಹತ್ತಿದಳೆಂದರೆ ತಿಮ್ಮಾಪುರದ ಬೇಟೆನಾಯಿಗಳು ಕೂಡ ರಸ್ತೆ ಬಿಟ್ಟು ಗಟಾರಕ್ಕೆ ಇಳಿದು ದಾರಿ ಕೊಡುತ್ತವೆ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡವರೂ ಇನ್ನೂ ಸಿಕ್ಕಿಲ್ಲ. ಆದರೂ ಖರೆ. ಇಡೀ ಮುಧೋಳದಲ್ಲಿ ಈ ಗುರುಬಸವ್ವನಷ್ಟು ಸುಳ್ಳು ಹೇಳದ ಮುದುಕಿ ಇನ್ನೊಬ್ಬಳಿಲ್ಲ. ಬೇಕಾದರೆ ತೀರಿಹೋದ ನನ್ನ ಯಜಮಾನರನ್ನು ಕೇಳಿ.

ಆ ಹುಡುಗಿಗೂ ಬಿಸಿಲಿಗೂ ಹುಟ್ಟಿದಾಗಿನಿಂದ ಗೆಳೆತನ. ಕೂಸಿದ್ದಾಗ ಮೈಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಹಿಡಿಯುತ್ತಿದ್ದವಳು ನಾನೇ. ಓಣಿಯ ಉಳಿದ ಕೂಸುಗಳು ಕಿರುಚಿ ಊರು ಎಬ್ಬಿಸುತ್ತಿದ್ದವು. ನಮ್ಮದು ಮಾತ್ರ ಸೂರ್ಯನ ಕಡೆ ಬಾಯಿ ತೆರೆದು ನಗುತ್ತಿತ್ತು. ನಡೆಯಲು ಕಲಿತ ಮೇಲೆ ಮಾಳಿಗೆ ಹತ್ತಿ, ನಾನು ಒಣಹಾಕಿದ ಹಪ್ಪಳದ ನಡುವೆ ತಾನೂ ಒಂದು ಹಪ್ಪಳದ ಹಾಗೆ ಮಲಗುತ್ತಿದ್ದಳು. ಸೈಕಲ್ ಕಲಿತ ಮೇಲಂತೂ ಕೇಳುವುದೇ ಬೇಡ. ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿ, ಆ ಡ್ರೈವರುಗಳಿಗೆ ಟಾಟಾ ಮಾಡಿ ಬರುತ್ತಾಳೆ.

ಹೈಸ್ಕೂಲಿಗೆ ಬಂದ ವರ್ಷ ಅವಳ ಹಣೆಯ ಮೇಲೆ ಬೇವಿನ ಎಲೆಯಷ್ಟು ಬಿಳಿ ಮಚ್ಚೆ ಮೂಡಿತು. ಅದು ಬೆಳೆದು ಬೆಳೆದು, ಹುಬ್ಬಿನಿಂದ ಕೂದಲಿನವರೆಗೆ ದೊಡ್ಡ ಕರ್ಚಿಕಾಯಿಯ ಆಕಾರವಾಯಿತು. ಎರಡೂ ಅಂಗೈಗಳ ಹಿಂಭಾಗದಲ್ಲೂ ಅಷ್ಟಷ್ಟು. ಜನ ಅದಕ್ಕೆ ತೊನ್ನು ಎನ್ನುತ್ತಾರೆ. ಹುಣ್ಣಿಮೆಯ ಚಂದ್ರ ಇಳಿದು ಬಂದು ಬಾಡಿಗೆಗೆ ಮನೆ ಹಿಡಿದಿದ್ದಾನೆ ಎಂದು ನಾನು ಹೇಳಿದರೆ ಅಕ್ಷತಾ ನಗುತ್ತಿದ್ದಳು. ಅವಳ ಅಪ್ಪ ನಗುತ್ತಿರಲಿಲ್ಲ.

ಅವಳ ಅಪ್ಪ ಎಂದರೆ ನನ್ನ ಮಗ ವೀರೇಶ. ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ಹಗಲೆಲ್ಲಾ ಸಕ್ಕರೆಯ ನಡುವೆ ಇದ್ದೂ ಮುಖ ಮಾತ್ರ ಹಾಗಲಕಾಯಿ. ಮಗಳು ಹೊರಗೆ ಹೊರಟರೆ ಹಣೆಗೆ ಓಢಣಿ ಸುತ್ತಿಸುತ್ತಿದ್ದ. ಫೋಟೋ ತೆಗೆಯುವಾಗ "ಸ್ವಲ್ಪ ತಲಿ ಬಗ್ಗಸು" ಎನ್ನುತ್ತಿದ್ದ. ಮಗಳ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ಪ್ರೀತಿ ಬೆಟ್ಟದಷ್ಟು, ಮಂದಿಯ ಅಂಜಿಕೆ ಆ ಬೆಟ್ಟಕ್ಕಿಂತ ಒಂದು ಕಲ್ಲು ಎತ್ತರ.

ಈ ಸಲ ಶಿವರಾತ್ರಿ ಮುಗಿದ ಮೇಲೆ ಬಿಸಿಲು ಹೇಗೆ ಬಿತ್ತೆಂದರೆ, ನಮ್ಮ ಬೀದಿಯ ಡಾಂಬರು ಬೆಲ್ಲದ ಪಾಕದ ಹಾಗೆ ಎಳೆ ಬಿಡುತ್ತಿತ್ತು. ಜಮಖಂಡಿಯಿಂದ ಬನಹಟ್ಟಿಗೆ ಹೋಗಿ ತಿರುಗಿ ಬರುವ ಸೈಕಲ್ ರೇಸು ಆಗ ಗೊತ್ತಾಯಿತು. ಚೆನ್ನಾಗಿ ಓಡಿಸಿದ ಹುಡುಗಿಯರನ್ನು ಜಿಲ್ಲೆಯ ತಂಡಕ್ಕೆ ಆರಿಸುತ್ತಾರಂತೆ. ಅಕ್ಷತಾ ಹಗಲೂ ಬೈಗೂ ಅಭ್ಯಾಸ ಹೂಡಿದಳು. ಒಂದು ದಿನ ಬಂದಾಗ ಹಣೆಯ ಮಚ್ಚೆ ಕೆಂಡದ ಹಾಗೆ ಕೆಂಪಾಗಿ ಸಣ್ಣ ಬೊಬ್ಬೆ ಎದ್ದಿದ್ದವು. ವೀರೇಶ ಸೈಕಲ್ ಎತ್ತಿ ಕಾಳಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದ.

ನನ್ನ ಸೊಸೆ ವೈಶಾಲಿ ಮೆತ್ತಗಿನ ಹೆಣ್ಣು, ಆದರೆ ಅಂದು ಸೌಟು ಹಿಡಿದು ನಿಂತಳು. "ಸೈಕಲ್ಲಿಗೆ ಕೀಲಿ ಹಾಕಿದ್ರ ಹಣಿ ಆರಾಮ ಆಗತೈತೇನ್ರೀ? ಮದಲ ಡಾಕ್ಟರ್‌ಗೆ ತೋರಸ್ರಿ."

ಜಮಖಂಡಿಯ ಚರ್ಮದ ಡಾಕ್ಟರಮ್ಮನ ಹತ್ತಿರ ಅಪ್ಪ ಮಗಳು ಇಬ್ಬರೂ ಹೋದರು. ನಾನೂ ಹೋದೆ. ನಾನಿಲ್ಲದಾಗ ಡಾಕ್ಟರ್ ಏನಾದರೂ ತಪ್ಪು ಹೇಳಿಬಿಟ್ಟರೆ?

"ಬಿಸಿಲಿಗೆ ಹೋಗಬ್ಯಾಡ ಅಂತ ನಾ ಹೇಳೂದಿಲ್ಲ. ಆಟ ಬಿಡಸಬ್ಯಾಡ್ರಿ," ಎಂದರು ಡಾಕ್ಟರಮ್ಮ. "ಮಚ್ಚಿ ಇದ್ದಲ್ಲಿ ತೊಗಲಿಗೆ ಬಣ್ಣ ಇಲ್ಲ. ಬಣ್ಣ ಅಂದ್ರ ತೊಗಲಿನ ಛತ್ರಿ ಇದ್ದಂಗ. ಛತ್ರಿ ಇಲ್ಲದಲ್ಲಿ ಬಿಸಿಲು ಲಗೂನ ಸುಡತೈತಿ. ಫುಲ್ ತೋಳಿನ ಅಂಗಿ, ಕೈಗೆ ಗ್ಲೌಸ್. ಮಾರಿಗೆ ಕುತಗಿಗೆ ಈ ಸನ್‌ಸ್ಕ್ರೀನ್ ಮುಲಾಮು. ಹೊರಡೂಕಿಂತ ಸ್ವಲ್ಪ ಮದಲ ಹಚ್ಚರಿ, ಬೆವತರ ಮತ್ತ ಹಚ್ಚರಿ. ಎಷ್ಟಂದ್ರ, ಎರಡು ಬೆರಳು. ಜಿಪುಣತನ ಮಾಡಬ್ಯಾಡ್ರಿ."

"ಇದು ಮಂದಿಗೆ ಹತ್ತೂ ಜಡ್ಡ ಏನ್ರೀ?" ವೀರೇಶ ಸಣ್ಣ ದನಿಯಲ್ಲಿ ಕೇಳಿದ.

"ನಿಮಗ ಹತ್ತೇತೇನ್ರೀ ಇಷ್ಟು ದಿನದಾಗ?" ಎಂದು ಕೇಳಿ ಡಾಕ್ಟರಮ್ಮ ನಕ್ಕರು. "ಯಾರಿಗೂ ಹತ್ತೂದಿಲ್ಲ."

ಫುಲ್ ತೋಳಿನ ಮಾತು ನನಗೆ ಹೊಸದೇನಲ್ಲ. ನಮ್ಮ ಕಡೆ ಕಬ್ಬು ಕಡಿಯುವ ಹೆಂಗಸರು ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಯೇ ಹೊಲಕ್ಕೆ ಇಳಿಯುವುದು. ನಾನು ಟ್ರಂಕಿನಿಂದ ನಮ್ಮ ಯಜಮಾನರ ಅಂಗಿ ತೆಗೆದು ಕೊಟ್ಟೆ. ಅದರಲ್ಲಿ ಅಕ್ಷತಾಳಂಥ ಮೂವರು, ಜೊತೆಗೊಂದು ಎಮ್ಮೆಕರು ಹಿಡಿಸುತ್ತಿದ್ದರು.

"ಆಯಿ, ಇದನ್ನ ಹಾಕ್ಕೊಂಡ್ರ ಗಾಳಿ ತುಂಬಿ ನಾ ಬೀಳಗಿಗೆ ಹಾರಿ ಹೋಗತೇನಿ," ಎಂದು ನಕ್ಕು, ತನ್ನದೇ ಉದ್ದ ತೋಳಿನ ಅಂಗಿ ಹಾಕಿಕೊಂಡಳು.

ವೀರೇಶ ಕಾಳಿನ ಕೋಣೆಯ ಕೀಲಿ ತೆಗೆದ. ಆದರೆ ಕರಾರು ಹಾಕಿದ. "ನೋಡವ್ವಾ ಅಕ್ಷು, ಒಂದ ಸಲ ನೋಡತೀನಿ. ಮುಲಾಮು ಹಚ್ಚಿದ ಮ್ಯಾಲೂ ಹಣಿ ಸುಟ್ಟಕೊಂಡ ಬಂದ್ರ ಸೈಕಲ್ ಮಾರೂದ. ರೇಸು ಗೀಸು ಎಲ್ಲಾ ಬಂದ್."

ಹುಡುಗಿಯ ಮುಖ ಸಣ್ಣದಾಯಿತು. "ಆತು ಪಪ್ಪಾ," ಎಂದಳು.

ಮರುದಿನ ಬೆಳಿಗ್ಗೆ ವೈಶಾಲಿ ಮನೆಯಲ್ಲಿರಲಿಲ್ಲ. ತಂಗಿಯ ಸೀಮಂತವೆಂದು ರಬಕವಿಗೆ ಹೋಗಿದ್ದಳು. ಅಕ್ಷತಾ ಕೈಗೆ ಗ್ಲೌಸ್ ಏರಿಸಿ, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಅಂಗಳದಲ್ಲಿ ಸೈಕಲ್ ಹಿಡಿದು ಚಡಪಡಿಸುತ್ತಿದ್ದಳು. ಅಷ್ಟರಲ್ಲಿ ಮುಲಾಮಿನ ನೆನಪಾಯಿತು.

"ಪಪ್ಪಾ, ನನ್ನ ಕೈಯಾಗ ಗ್ಲೌಸ್ ಅದಾವು. ನೀ ಹಚ್ಚು, ಲಗೂ."

ವೀರೇಶ ಅದೇ ಆಗ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬಂದಿದ್ದ. ಹಣೆಯ ಮೇಲೆ ವಿಭೂತಿ ಇನ್ನೂ ಹಸಿ. ಮುಲಾಮಿನ ಟ್ಯೂಬು ಹಿಡಿದು ಯೋಚನೆಗೆ ಬಿದ್ದ. "ಡಾಕ್ಟರು ಎರಡು ಬೆರಳು ಅಂದ್ರಲ್ಲ?"

"ಹೂಂ, ಎರಡು ಬೆರಳು," ಎಂದೆ. "ಆದ್ರ ಎರಡು ಬೆರಳಿಲೆ ಹಚ್ಚೂದು ಯಾವ ಮನ್ಯಾಗ ಕಂಡೀಯೋ? ನಮ್ಮದು ಮೂರು ಬೆರಳಿನ ಮನಿ."

ಮಗನಿಗೆ ಒಪ್ಪಿಗೆಯಾಯಿತು. ಮೂರು ಬೆರಳಿಗೆ ಬಿಳಿ ಮುಲಾಮು ಸವರಿ, ಹಣೆಯ ಈ ಅಂಚಿನಿಂದ ಆ ಅಂಚಿಗೆ, ಭಕ್ತಿಯಿಂದ, ಸಾಲು ಕೆಡದ ಹಾಗೆ ಎಳೆದ. ಮೂರು ದಪ್ಪ ಗೆರೆ. ಎಷ್ಟು ಚಂದ ಮೂಡಿದವೆಂದರೆ ನಾನು ಕೈ ಮುಗಿದೇಬಿಟ್ಟೆ. ಹುಡುಗಿ ಕನ್ನಡಿ ನೋಡಲಿಲ್ಲ. ಪೆಡಲ್ ತುಳಿದು ಬೀಳಗಿ ರಸ್ತೆ ಹಿಡಿದಳು.

ನಡುಹಗಲು ಮರಳಿ ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ವೀರೇಶನ ಎದೆ ಒಡೆಯಿತು. ಹಣೆ ಮತ್ತೆ ಕೆಂಪು.

"ಮುಗೀತು!" ಎಂದ. "ಮುಲಾಮು ಸುಳ್ಳು, ಡಾಕ್ಟರು ಸುಳ್ಳು. ಹೇಳಿದ್ನಿಲ್ಲ? ಸೈಕಲ್ ಸಂಜೀಕ ಆ ಹಳೀ ಸಾಮಾನಿನ ದುರಗೇಶನ ಅಂಗಡಿಗಿ ಹೋಗತೈತಿ."

ಅಕ್ಷತಾ ಅಳಲಿಲ್ಲ. ಸೈಕಲ್ಲಿನ ಸೀಟಿನ ಮೇಲೆ ಕೈ ಇಟ್ಟು, ಬೀಳ್ಕೊಡುವ ಎತ್ತಿನ ಬೆನ್ನು ಸವರುವ ಹಾಗೆ ಸವರಿದಳು. ನಾನು ತಣ್ಣೀರಿನಲ್ಲಿ ಅದ್ದಿದ ಅರಿವೆ ಕೊಟ್ಟೆ. ಅವಳು ಅದನ್ನು ಹಿಡಿದು, ಕೈಕಾಲು ತೊಳೆಯುವ ಮೋರಿಯ ಹತ್ತಿರದ ಕನ್ನಡಿಯ ಮುಂದೆ ಹೋಗಿ ಹೆಲ್ಮೆಟ್ ತೆಗೆದಳು, ಹಣೆಯ ಮೇಲೆ ಒಣಗಿದ್ದ ಮುಲಾಮು ಒರೆಸಿದಳು.

ಅಲ್ಲಿಂದ ನಗು ಕೇಳಿಸಿತು. ಮೊದಲು ಸಣ್ಣದು. ಆಮೇಲೆ ಊರಿನ ಪಾರಿವಾಳಗಳೆಲ್ಲ ಒಮ್ಮೆಲೆ ಎದ್ದ ಹಾಗೆ.

"ಆಯಿ! ಪಪ್ಪಾ! ಇಲ್ಲಿ ಬರ್ರಿ!"

ಬಂದು ನೋಡಿದೆವು. ಕೆಂಪು ಹಣೆಯ ನಡುವೆ ಮೂರು ಗೆರೆ, ಹಾಲಿನಷ್ಟು ಬಿಳಿ. ಗೆರೆಯ ಮೇಲೆ ಕೆಂಪು, ಕೆಳಗೆ ಕೆಂಪು, ಗೆರೆಯಲ್ಲಿ ಮಾತ್ರ ಒಂದು ಚೂರೂ ಸುಟ್ಟಿಲ್ಲ. ಒರೆಸಿದರೂ ಹೋಗದ ವಿಭೂತಿ.

"ಪಪ್ಪಾ, ನೀ ಇದನ್ನ ಇಭೂತಿ ಹಚ್ಚಿದಂಗ ಹಚ್ಚೀಯೇನು?" ಅವಳಿಗೆ ನಗು ತಡೆಯಲಾಗಲಿಲ್ಲ. "ಎರಡು ಬೆರಳು ಅಂದ್ರ ಎರಡು ಬೆರಳಿನ ಉದ್ದ ತಗೊಂಡು ಮಾರಿಗೆಲ್ಲಾ, ಕುತಗಿಗೆಲ್ಲಾ ಬಳಿಯೂದು. ಗೆರಿ ಎಳಿಯೂದಲ್ಲ!"

ವೀರೇಶ ನನ್ನ ಕಡೆ ಬೆರಳು ಮಾಡಿದ. "ಅವ್ವನೂ ಇದ್ಲು... ಮೂರು ಬೆರಳು ಅಂದ್ಲು..."

"ನಾ ಏನ್ ಡಾಕ್ಟರೇನೋ?" ಎಂದೆ. "ಅಲ್ಲೋ ವೀರೇಶ, ಮುಲಾಮು ಸುಳ್ಳು ಅಂದಿ. ಎಲ್ಲಿ ಹಚ್ಚೀಯೋ ಅಲ್ಲಿ ನೋಡು, ಬಿಸಿಲಪ್ಪ ಕೈ ಮುಗದು ದಾಟಿ ಹೋಗ್ಯಾನ!"

ಅವನು ಮಗಳ ಹಣೆಯ ಹತ್ತಿರ ಬಗ್ಗಿದ. ಅದೆಷ್ಟೋ ದಿನಗಳ ಮೇಲೆ ಆ ಮಚ್ಚೆಯನ್ನು ಮುಖ ತಿರುಗಿಸದೆ ನೋಡಿದ. ಬೆರಳಿನಿಂದ ಮೂರೂ ಗೆರೆಗಳನ್ನು ಮೆಲ್ಲಗೆ ಮುಟ್ಟಿದ. ಅಕ್ಷತಾ ನಗು ನಿಲ್ಲಿಸಿ ಕೇಳಿದಳು, "ಸೈಕಲ್ ಮಾರತೀಯೇನು ಪಪ್ಪಾ?"

"ಹಣಿ ಆರಾಮ ಆಗೂತನಕ ಬೆಳಗ್ಗಿನ ಎಳೆಬಿಸಿಲಾಗ ಅಷ್ಟ," ಎಂದು ಗೊಣಗಿದ. ಮಾರುವ ಮಾತು ಆಡಲಿಲ್ಲ.

ಸಂಜೆ ವೈಶಾಲಿ ಬಂದು ಹಣೆ ನೋಡಿ, ರಬಕವಿಯಿಂದ ತಂದ ಉಂಡಿಯ ಡಬ್ಬಿಯನ್ನು ನೆಲಕ್ಕಿಟ್ಟು ನಕ್ಕ ನಗು ಮುಧೋಳದ ಬಸ್‌ಸ್ಟ್ಯಾಂಡಿಗೆ ಕೇಳಿಸಿತಂತೆ. ಬಸ್ಸೊಂದು ಹೊರಡುವುದನ್ನೇ ಮರೆತು ನಿಂತಿತಂತೆ.

ರೇಸಿನ ದಿನ ಬಂತು. ಜಮಖಂಡಿಗೆ ನಾವೆಲ್ಲರೂ ಹೋದೆವು. ವೈಶಾಲಿ ಮುಖ, ಕುತ್ತಿಗೆ, ಕಿವಿಯ ಹಿಂದೆ ಎಲ್ಲಾ ಸರಿಯಾಗಿ ಮುಲಾಮು ಬಳಿದು ಕಳಿಸಿದಳು. ಹುಡುಗಿಯರು ಸಾಲಾಗಿ ನಿಂತರು. ಆದರೆ ಬಾವುಟ ಬೀಸಬೇಕಾದ ಅತಿಥಿ ಬರಲಿಲ್ಲ. ದಾರಿಯಲ್ಲಿದ್ದಾರೆ ಎಂದರು. ಆಮೇಲೆ ಬಂದೇಬಿಟ್ಟರು ಎಂದರು. ನಾನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಮುದುಕಿಯಾಗುವಷ್ಟು ಹೊತ್ತು ಕಾಯ್ದೆವು. ಸೂರ್ಯ ನೆತ್ತಿಯ ಕಡೆ ಏರಿದ. ಹುಡುಗಿಯರ ಬೆವರು ಗದ್ದದಿಂದ ತೊಟ್ಟಿಕ್ಕಿತು.

ಸಾಲಿನಿಂದ ಅಕ್ಷತಾ ಕೈ ಮಾಡಿದಳು. "ಪಪ್ಪಾ! ಬೆವರಿಗೆ ಎಲ್ಲಾ ಇಳದು ಹೋತು. ಮತ್ತ ಹಚ್ಚಬೇಕು!"

ಮುಲಾಮಿನ ಟ್ಯೂಬು ವೀರೇಶನ ಕಿಸೆಯಲ್ಲಿತ್ತು. ವೈಶಾಲಿ ನೀರಿನ ಬಾಟಲಿ ತುಂಬಿಸಲು ಹೋಗಿದ್ದಳು. ಅವನು ಸುತ್ತ ನೋಡಿದ. ರಸ್ತೆಯ ಎರಡೂ ಬದಿ ಜನ.

"ಆ ಬೇವಿನ ಗಿಡದ ಹಿಂದ ಬಾ, ಹಚ್ಚತೇನಿ," ಎಂದ.

"ಸಾಲು ಬಿಟ್ರ ನನ್ನ ಜಾಗಾ ಹೋಗತೈತಿ ಪಪ್ಪಾ. ಇಲ್ಲೇ ಬಾ."

ಅಷ್ಟು ಹೇಳಿ ಅವಳು ಹೆಲ್ಮೆಟ್ ತೆಗೆದುಬಿಟ್ಟಳು! ಓಢಣಿ ಇಲ್ಲ, ತಲೆ ಬಗ್ಗಿಸಿಲ್ಲ. ಅಷ್ಟು ಮಂದಿಯ ನಡುವೆ, ಸುಡು ಬಿಸಿಲಿನಲ್ಲಿ, ಹಣೆ ಎತ್ತಿ ನಿಂತಳು. ನಾನು ಬಹಳ ಧೈರ್ಯವಂತರನ್ನು ನೋಡಿದ್ದೇನೆ. ನಮ್ಮ ಯಜಮಾನರು ಬರಿಗೈಯಲ್ಲಿ ಮದವೇರಿದ ಹೋರಿ ಹಿಡಿದದ್ದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಆದರೆ ಈ ಹುಡುಗಿ ನಿಂತ ಹಾಗೆ ನಿಂತವರನ್ನು ನಾನು ಕಂಡಿಲ್ಲ. ಇದು ಮಾತ್ರ ಒಂದು ಕಾಳೂ ಹೆಚ್ಚಿಸಿ ಹೇಳಿದ್ದಲ್ಲ.

ಪಕ್ಕದಲ್ಲಿದ್ದ ಹೆಂಗಸು ಪಿಸುಗುಟ್ಟಿದಳು, "ಅಯ್ಯ ಪಾಪ, ಹುಡುಗಿ ಹಣಿ ಮ್ಯಾಲ ತೊನ್ನ ಐತೆಲ್ಲ..."

ವೀರೇಶನಿಗೂ ಅದು ಕೇಳಿಸಿತು. ಅವನ ಕಾಲು ನೆಲದಲ್ಲಿ ಹೂತ ಹಾಗೆ ನಿಂತಿತು. ಮಗಳು ಕಾಯುತ್ತಲೇ ಇದ್ದಳು. ನಾನು ಅವನ ಬೆನ್ನಿಗೆ ಚುಚ್ಚಿದೆ.

"ಹೋಗಲೇ, ಮೂರು ಬೆರಳಿನ ಪೂಜಾರಿ!"

ಹೋದ. ಹಗ್ಗ ದಾಟಿ, ರಸ್ತೆಯ ನಡುವೆ. ಹೆಗಲ ಮೇಲಿನ ಟವೆಲಿನಿಂದ ಮಗಳ ಬೆವರು ಒರೆಸಿ, ಎರಡು ಬೆರಳಿನ ಉದ್ದಕ್ಕೂ ಮುಲಾಮು ಹಿಂಡಿದ. ಹಣೆಗೆ, ಕೆನ್ನೆಗೆ, ಮೂಗಿಗೆ, ಕುತ್ತಿಗೆಗೆ, ಒಂದು ಮೂಲೆಯನ್ನೂ ಬಿಡದೆ, ಹೊಸ ಮನೆಗೆ ಸುಣ್ಣ ಬಳಿದಂತೆ ಬಳಿದ. ಆಮೇಲೆ ಆ ಹೆಂಗಸಿನ ಕಡೆ ತಿರುಗಿದ.

"ಪಾಪ ಅನಬ್ಯಾಡ್ರೀ ಯಕ್ಕಾ. ಇದು ಯಾರಿಗೂ ಹತ್ತೂದಿಲ್ಲ. ಬಿಸಿಲಿಗೆ ಸುಡತೈತಿ ಅಷ್ಟ, ಅದಕ್ಕ ಹಚ್ಚಾಕತ್ತೇನಿ. ನನ್ನ ಮಗಳರೀ ಆಕಿ."

ಕೊನೆಯ ಮಾತು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಬಂತು. ಆ ಹೆಂಗಸು ಟ್ಯೂಬು ನೋಡಿ ಕೇಳಿದಳು, "ನನ್ನ ಮಗಳು ಅಲ್ಲಿ ನಿಂತಾಳ್ರೀ ಅಣ್ಣಾ. ಆಕಿ ಮೂಗೂ ಸಿಪ್ಪಿ ಸುಲೀತೈತಿ. ಸ್ವಲ್ಪ ಕೊಡತೀರೇನು?" ನನ್ನ ಮಗ ಸಾಲಿನ ಉದ್ದಕ್ಕೂ ಹೋಗಿ ಹುಡುಗಿಯರ ಬೆರಳಿಗೆಲ್ಲ ಮುಲಾಮು ಹಿಂಡಿಕೊಟ್ಟ. "ಗೆರಿ ಎಳೀಬ್ಯಾಡ್ರವಾ, ಬಳೀರಿ, ಬಳೀರಿ," ಎನ್ನುತ್ತಿದ್ದ. ಹುಟ್ಟಿನಿಂದಲೇ ಬಲ್ಲವನ ಹಾಗೆ!

ಬಾವುಟ ಬೀಸಿದರು. ಅಕ್ಷತಾ ಹೋದಳು. ಧೂಳು ಇಳಿಯುವ ಮೊದಲೇ ಬನಹಟ್ಟಿ ಮುಟ್ಟಿದಳೆಂದು ನನಗೆ ಅನಿಸಿತು. ತಿರುಗಿ ಬಂದಾಗ ಎರಡನೆಯವಳು. ಮೊದಲನೆಯವಳು ಇವಳಿಗಿಂತ ಒಂದು ಗಾಲಿಯಷ್ಟು ಮುಂದೆ. ಆ ಹುಡುಗಿಯ ಮೂಗು ಉದ್ದವಿತ್ತು, ಅದೇ ಮೊದಲು ಮುಟ್ಟಿರಬೇಕು. ಜಿಲ್ಲೆಯ ತಂಡಕ್ಕೆ ಇಬ್ಬರ ಹೆಸರನ್ನೂ ಕರೆದರು.

ವೀರೇಶನಿಗೆ ಹೆಸರು ಕೇಳಿಸಿತೋ ಇಲ್ಲವೋ. ಓಡಿ ಹೋಗಿ ಹೆಲ್ಮೆಟ್ ತೆಗೆಸಿ, ಟವೆಲಿನಿಂದ ಹಣೆ ಒರೆಸಿ, ಬಿಸಿಲಿನ ಕಡೆ ತಿರುಗಿಸಿ ನೋಡಿದ. ಮಚ್ಚೆ ಬೆಳಗ್ಗೆ ಹೇಗಿತ್ತೋ ಹಾಗೇ ಇತ್ತು, ತಣ್ಣಗೆ, ಬೆಳ್ಳಗೆ.

"ಸುಟ್ಟಿಲ್ಲ," ಎಂದ. ನನ್ನ ಕಡೆ ತಿರುಗಿದ. "ಅವ್ವಾ, ಒಂಚೂರೂ ಸುಟ್ಟಿಲ್ಲ."

"ಹಂಗಾದ್ರ ಸೈಕಲ್?" ಅಕ್ಷತಾ ಏದುಸಿರಿನಲ್ಲೇ ಕೇಳಿದಳು.

"ಯಾವ ಸೈಕಲ್? ಏನಾತದಕ್ಕ?" ಎಂದ ನನ್ನ ಮಗ, ಏನೂ ಅರಿಯದವನ ಹಾಗೆ. ಮೊಬೈಲ್ ತೆಗೆದು ಹಿಂದೆ ಸರಿದ. "ಹಂಗ ನಿಂದ್ರು, ಫೋಟೋ ತಗೀತೇನಿ. ಓಢಣಿ ಬ್ಯಾಡ. ತಲಿ ಎತ್ತು. ಇನ್ನೂ ಎತ್ತು."

ಅವಳು ಎತ್ತಿದಳು. ಕೂಸಿದ್ದಾಗ ಎತ್ತುತ್ತಿದ್ದ ಹಾಗೆಯೇ, ಸೂರ್ಯನ ಕಡೆ, ಬಾಯಿ ತುಂಬಾ ನಗುತ್ತಾ. ಆ ಫೋಟೋ ಈಗ ನಮ್ಮ ಪಡಸಾಲೆಯಲ್ಲಿದೆ. ಅದರ ಹೊಳಪಿಗೆ ನಾವು ಅಲ್ಲಿ ದೀಪ ಹಾಕುವುದನ್ನೇ ಬಿಟ್ಟಿದ್ದೇವೆ. ನಂಬಿಕೆ ಇಲ್ಲದಿದ್ದರೆ ಬಂದು ನೋಡಿ. ಬರುವಾಗ ಮುಲಾಮು ಹಚ್ಚಿಕೊಂಡು ಬನ್ನಿ.