ಲಿಫ್ಟಜ್ಜನನ್ನು ಬದುಕಿಸಿದ್ದು

ಆ ಹೊಲಿಗೆ ಅಂಗಡಿಯಲ್ಲಿ ಊಟದ ನಂತರ ಮೆಷಿನ್‌ಗಳ ಬಾಯಿ ಮುಚ್ಚಿಸಿ ಕೈಕೆಲಸಕ್ಕೆ ಕೂರುವುದು ರೂಢಿ. ಗುಂಡಿ ತೂರುವ ಕಂಡಿಗೆ ಕಾಜಾ ಹಾಕುವುದು, ಗುಂಡಿ ಕೂರಿಸುವುದು, ಪ್ಯಾಂಟಿನ ಅಂಚು ಮಡಿಚಿ ಹೊಲಿಯುವುದು. ಇದಕ್ಕೆಲ್ಲ ಕೈ ಬೇಕು, ಕಣ್ಣು ಬೇಕು, ಕಿವಿ ಮಾತ್ರ ಖಾಲಿ. ಆ ಖಾಲಿ ಕಿವಿಗೆ ತುಂಬುವುದಕ್ಕೆ ಅಂತಲೇ ಅಲ್ಲೊಬ್ಬಳಿದ್ದಳು, ಅಂಗಡಿ ನಡೆಸುವ ಅತ್ತಿಗೆಯ ನಾದಿನಿ. ಅವಳ ಬಾಯಿ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಹಾಗಾಗಿ ಎಲ್ಲರಿಗೂ ಅವಳು ರೇಡಿಯೋ.

ರೇಡಿಯೋಗೆ ಹೊಲಿಗೆ ಕೈಗೆ ಹತ್ತಲೇ ಇಲ್ಲ. ಅವಳು ಹಾಕಿದ ಹೊಲಿಗೆ ಬಿಚ್ಚಿ ಮತ್ತೆ ಹಾಕುವುದು ಅತ್ತಿಗೆಗೆ ದಿನದ ಕೆಲಸವಾಗಿತ್ತು. "ನೀನು ಹೊಲಿದ ಪ್ಯಾಂಟ್ ಹಾಕ್ಕೊಂಡೋನು ಮನೆಗೆ ಹೋಗೋ ಬದಲು ಎದುರುಮನೆಗೆ ಹೋಗ್ತಾನೆ ಕಣೇ" ಎನ್ನುತ್ತಿದ್ದಳು ಅತ್ತಿಗೆ. ಆದರೆ ಎಲ್ಲರಿಗೂ ಓದಿಹೇಳಲು ಪುಸ್ತಕ ಹಿಡಿದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳೋ, ಕೋಣೆಗೆಲ್ಲ ಅವಳೇ ರಾಣಿ. ಇಡೀ ದಿನದಲ್ಲಿ ಯಾರೂ ಅವಳದ್ದನ್ನು ಬಿಚ್ಚಿ ಮತ್ತೆ ಹಾಕದ ಕೆಲಸ ಅದೊಂದೇ.

ಆ ಸ್ಟೂಲು ಮೊದಲು ಅವಳ ಅಣ್ಣನದು. ಅವನು ಬೇಗ ಮುಗಿಸುವ ಆತುರಕ್ಕೆ ನಡುವೆ ಎರಡು ಪುಟ ಹಾರಿಸಿದ್ದನ್ನು ಕಾಜಾ ಅಜ್ಜಿ ಹಿಡಿದುಹಾಕಿದ್ದಳು. ಕಾಜಾ ಅಜ್ಜಿ ಅಂದರೆ ಆ ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು, ಕೋಟಿನ ಕಾಜಾಗಳನ್ನು ಕಣ್ಣಿಗಿಂತ ಹೆಚ್ಚಾಗಿ ಬೆರಳಲ್ಲೇ ನೋಡಿ ಹಾಕುವವಳು. "ನಮಗೆ ಮೋಸ ಮಾಡೋನು ಓದೋದು ಬೇಡ, ಹೋಗಿ ಇಸ್ತ್ರಿ ಹಾಕಲಿ" ಅಂದಳು. ಅವತ್ತಿನಿಂದ ಅಣ್ಣ ಒಳಗಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆಯ ಮುಂದೆ.

ಅವರು ಓದಿಸಿಕೊಳ್ಳುತ್ತಿದ್ದದ್ದು 'ಇಲ್ಲದ ಮಹಡಿ' ಅನ್ನೋ ಕಾದಂಬರಿ ಮಾಲೆ. ಅದರಲ್ಲೊಂದು ದೊಡ್ಡ ನಗರ. ಅಲ್ಲಿ ಮನೆಮನೆಗೆ ಹೋಗಿ ಕರೆಂಟು ಮೀಟರ್ ನೋಡಿ ಬರೆದುಕೊಳ್ಳುವ ಹುಡುಗಿಗೆ ಬೇರೆಯವರಿಗೆ ಕಾಣದ್ದೆಲ್ಲ ಕಾಣುತ್ತದೆ: ಬೀದಿದೀಪದಲ್ಲಿ ಕೂತ ಮೋಹಿನಿ, ಚರಂಡಿಯಲ್ಲಿ ಸಂಸಾರ ಹೂಡಿದ ಮರಿದೆವ್ವಗಳು. ಅವಳ ಬಲಗೈ ಅಂದರೆ ಲಿಫ್ಟಜ್ಜ. ಹಳೇ ಕಟ್ಟಡದ ಲಿಫ್ಟಿನೊಳಗೆ ವಾಸ ಮಾಡುವ ಸಿಡುಕು ಮೂತಿಯ ಭೂತ. ಯಾವ ನಕ್ಷೆಯಲ್ಲೂ ಇಲ್ಲದ ಮಹಡಿಗೆ ಹುಡುಗಿಯನ್ನು ಬೈಯುತ್ತಲೇ ಕರೆದೊಯ್ಯುವವನು.

"ನಮ್ಮ ಯಜಮಾನರಿಗಿಂತ ಇವನೇ ವಾಸಿ" ಎನ್ನುತ್ತಿದ್ದಳು ಅಜ್ಜಿ. "ಗುಂಡಿ ಒತ್ತಿದ್ರೆ ಬರ್ತಾನೆ. ಅವರನ್ನ ಹೆಸರು ಹಿಡಿದು ಕೂಗಿದ್ರೂ ಬರ್ತಿರಲಿಲ್ಲ."

"ಗಾಳೀಲಿ ಹುಟ್ಟಿದೋನ ಮೇಲೆ ಏನು ವ್ಯಾಮೋಹ ಅಜ್ಜೀ ನಿಮಗೆ! ದೆವ್ವಕ್ಕೆ ಲಿಫ್ಟ್ ಯಾಕೆ ಬೇಕು, ಹಾರೋಕೆ ಬರಲ್ವಾ?" ಅಂತ ಅತ್ತಿಗೆ ಕತ್ತರಿ ಆಡಿಸುತ್ತಲೇ ನಗುತ್ತಿದ್ದಳು. ನಗುತ್ತಿದ್ದಳೇ ಹೊರತು, ಓದುವ ಹೊತ್ತಿಗೆ ಗಿರಾಕಿ ಬಂದರೆ ಮೊದಲು ಹಲ್ಲು ಕಚ್ಚುತ್ತಿದ್ದವಳೂ ಅವಳೇ.

ವರ್ಷಗಟ್ಟಲೆ ಕಾಯಿಸಿ ಕೊನೆಗೂ ಆರನೇ ಭಾಗ ಬಂತು. ಯಾರೂ ಮುಂದೆ ಇಣುಕಬಾರದು ಅನ್ನುವುದು ಕಟ್ಟಾಜ್ಞೆ. ರೇಡಿಯೋ ಎಂಟು ಅಧ್ಯಾಯದವರೆಗೆ ಪಾಲಿಸಿದಳು. ಆಮೇಲೊಂದು ಬೆಳಗ್ಗೆ ಮನೆಯಲ್ಲಿ ಹಾಲು ಕಾಯಲು ಇಟ್ಟು, ಒಂದೇ ಒಂದು ಪುಟ ಅಂತ ತೆರೆದಳು. ಹಾಲು ಉಕ್ಕಿ, ಒಲೆ ಆರಿ, ಮನೆಯೆಲ್ಲ ವಾಸನೆ ಬಂದರೂ ಅವಳಿಗೆ ಎಚ್ಚರವಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಕಟ್ಟಡ ಕೆಡವುತ್ತಾರೆ. ಹುಡುಗಿಯನ್ನು ಕೆಳಗಿಳಿಸಿ ಉಳಿಸಿದ ಲಿಫ್ಟಜ್ಜ ತಾನು ಮಾತ್ರ ಮೇಲೇ ಉಳಿದುಬಿಡುತ್ತಾನೆ. ಸತ್ತ. ದೆವ್ವ ಎರಡನೇ ಸಲ ಸತ್ತರೆ ಮತ್ತೆ ಬರುವ ದಾರಿಯಿಲ್ಲವಂತೆ, ಬರೆದವನು ಅದನ್ನೂ ಬಿಡಿಸಿ ಹೇಳಿದ್ದ.

ಅವತ್ತು ಮಧ್ಯಾಹ್ನ ಅಜ್ಜಿ ದಾರಕ್ಕೆ ಮೇಣ ಉಜ್ಜುತ್ತಾ, "ಓದಮ್ಮ, ಅವನ ಧ್ವನಿ ಕೇಳದೆ ಎರಡು ಅಧ್ಯಾಯ ಆಯ್ತು" ಅಂದಳು.

ರೇಡಿಯೋ ಆ ಮುಖ ನೋಡಿದಳು. ಕಟ್ಟಡ ಅಲುಗಾಡುವವರೆಗೆ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಅಲ್ಲಿಗೆ ಬಂದಾಗ ಬಾಯಿಗೆ ಬಂದದ್ದು ಬೇರೆ. "ಅಷ್ಟರಲ್ಲಿ ಲಿಫ್ಟಜ್ಜ... ಛಂಗನೆ ಹಾರಿದ!"

"ಹಾರಿದನಾ?" ಅಂದಳು ಅತ್ತಿಗೆ.

"ಹಾರಿದ ಅಂತಿದೆ ಅತ್ತಿಗೆ, ನಾನೇನು ಮಾಡ್ಲಿ."

ಹಾರಿದವನಿಗೆ ಒಂದು ನೆಲೆ ಬೇಕಲ್ಲ. ಸುಳ್ಳು ಹೇಳಿದವರ ಕಷ್ಟ ಅದೇ, ಮನೆ ಕಟ್ಟಿಕೊಡಬೇಕು. ರೇಡಿಯೋಗೆ ಕಣ್ಣೆದುರಿಗೆ ಕಂಡದ್ದು ಅಂಗಡಿಯ ಮೂಲೆಯ ಟ್ರಯಲ್ ರೂಮು. ಅದೂ ಒಂದು ಪೆಟ್ಟಿಗೆ, ಬಾಗಿಲಿದೆ, ಒಬ್ಬರೇ ನಿಲ್ಲುವಷ್ಟು ಜಾಗ. ಲಿಫ್ಟಜ್ಜನನ್ನು ಒಬ್ಬ ದರ್ಜಿಯ ಟ್ರಯಲ್ ರೂಮಿಗೆ ಸೇರಿಸಿಯೇಬಿಟ್ಟಳು. ಮಾರನೇ ದಿನ ಅವನು ಅಲ್ಲಿ ಬಟ್ಟೆ ತೊಟ್ಟುನೋಡಲು ಬಂದವರ ಸೊಂಟದ ಸುತ್ತಳತೆಯನ್ನು ಟೀಕಿಸತೊಡಗಿದ. ಅದರ ಮಾರನೇ ದಿನ ಕೋಟಿನ ಲೈನಿಂಗ್ ಎಳೆದು ಹಿಡಿದಿದೆ ಅಂತ ದರ್ಜಿಯನ್ನೇ ತರಾಟೆಗೆ ತಗೊಂಡ. ಅಜ್ಜಿ ಹೂಂಗುಟ್ಟುತ್ತಾ ಕೇಳಿದಳು. ಅತ್ತಿಗೆಯ ತುಟಿ ಯಾಕೋ ಒಂದು ಕಡೆಗೆ ವಾಲುತ್ತಿತ್ತು.

ಆಮೇಲೊಂದು ಮಧ್ಯಾಹ್ನ ಅಜ್ಜಿ ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು ಕೈ ಕಟ್ಟಿ ಕೂತಳು.

"ರೇಡಿಯೋ."

"ಹೇಳಿ ಅಜ್ಜಿ."

"ನಾನು ಎರಡು ಕಾಜಾ ಮುಗಿಸಿದೆ. ನಿನ್ನ ಪುಟ ಮಾತ್ರ ತಿರುಗಲೇ ಇಲ್ಲ. ಅಷ್ಟು ದೊಡ್ಡ ಪುಟಾನಾ ಅದು?"

ರೇಡಿಯೋ ಗಬಕ್ಕನೆ ಪುಟ ತಿರುಗಿಸಿದಳು. ಒಂದರ ಬದಲು ಹತ್ತು ತಿರುಗಿದವು.

ಅತ್ತಿಗೆಗೆ ಇನ್ನು ತಡೆಯಲಾಗಲಿಲ್ಲ. "ಅಲ್ಲ ಅಜ್ಜೀ, ನಿನ್ನೆ ಲಿಫ್ಟಜ್ಜ ಏನಂದ ಕೇಳಿದ್ರಾ? 'ಇದನ್ನ ಹೊಲಿದೋಳು ಯಾರು, ಕೈಯಲ್ಲಿ ಹೊಲಿದ್ಲೋ ಕಾಲಲ್ಲೋ?' ಇದು ಮೊನ್ನೆ ನಾನು ಇವಳಿಗೆ ಬೈದಿದ್ದು! ನನ್ನ ಬೈಗುಳ ಕದ್ದು ದೆವ್ವದ ಬಾಯಿಗೆ ಹಾಕಿದಾಳೆ ಕಳ್ಳಿ!"

"ಮುಂದೆ ಇಣುಕಿದ್ಯಾ?" ಅಜ್ಜಿ ಕೇಳಿದಳು.

"ಹೂಂ."

"ಹೋದನಾ ಅವನು?"

ರೇಡಿಯೋ ಪುಸ್ತಕ ಮುಚ್ಚಿದಳು. ಹೌದೆಂದು ತಲೆಯಾಡಿಸಿದಳು. ಒಳಗಿನ ಕೋಣೆಯಲ್ಲಿ ಇಸ್ತ್ರಿಯ ಸದ್ದೂ ನಿಂತಿತು. ಅಣ್ಣ ಬಾಗಿಲಿಂದ ಕತ್ತು ಚಾಚಿ, "ಬಾರಮ್ಮ, ಇಲ್ಲಿ ಇನ್ನೊಂದು ಇಸ್ತ್ರಿಪೆಟ್ಟಿಗೆ ಖಾಲಿ ಇದೆ" ಅಂದ.

"ನೀನು ಸುಮ್ನಿರಪ್ಪ" ಅಂತ ಅವನನ್ನು ಗದರಿಸಿ ಅಜ್ಜಿ ಇವಳ ಕಡೆ ತಿರುಗಿದಳು. "ನನಗೆ ಸುಳ್ಳು ಯಾಕೆ ಓದಿದೆ?"

"ನೀವು ಅಳ್ತೀರ ಅಂತ, ಅಜ್ಜಿ."

"ಅಳ್ತೀನಿ! ಇಷ್ಟು ವರ್ಷ ಜೊತೆಗಿದ್ದೋನಿಗೆ ಅಳಬೇಡ್ವಾ? ನೀನು ಅವನನ್ನ ಉಳಿಸಲಿಲ್ಲ ಮಗಳೇ. ನನ್ನ ಅಳು ಕದ್ದೆ. ಅವನ ಸಾವಿನ ಮರ್ಯಾದೆ ತೆಗೆದು, ಟ್ರಯಲ್ ರೂಮಲ್ಲಿ ನಿಲ್ಲಿಸಿ, ಕಂಡೋರ ಸೊಂಟ ನೋಡೋ ಹಾಗೆ ಮಾಡಿದೆ ಆ ಮುದುಕನ್ನ!"

ಹುಟ್ಟಿದಾಗಿನಿಂದ ಮೊದಲ ಸಲ ರೇಡಿಯೋ ಬಂದ್ ಆಯಿತು. ಎದ್ದು ಪುಸ್ತಕವನ್ನು ಸ್ಟೂಲಿನ ಮೇಲೆ ಇಟ್ಟಳು. ಇಸ್ತ್ರಿ ಕೋಣೆಯ ಕಡೆ ಎರಡು ಹೆಜ್ಜೆ ಹಾಕಿದಳು.

"ಎಲ್ಲಿಗೆ?" ಅಂದಳು ಅಜ್ಜಿ.

"ಇಸ್ತ್ರಿಗೆ."

"ನಿನ್ನಣ್ಣ ಹಾರಿಸಿದ್ದು ಅವನಿಗೆ ಬೇಜಾರಾಯ್ತು ಅಂತ. ನೀನು ಹಾರಿಸಿದ್ದು ನನಗೆ ಬೇಜಾರಾಗುತ್ತೆ ಅಂತ. ಎರಡೂ ತಪ್ಪೇ, ಆದ್ರೆ ಒಂದೇ ತಪ್ಪಲ್ಲ. ಕೂತ್ಕೋ. ಕಟ್ಟಡ ಅಲುಗಾಡೋ ಜಾಗದಿಂದ ಓದು. ಒಂದಕ್ಷರ ಹಾರಿಸಿದ್ರೆ ಈ ಸೂಜಿ ಎಲ್ಲಿ ಚುಚ್ಚುತ್ತೋ ಗೊತ್ತಿಲ್ಲ."

ರೇಡಿಯೋ ಓದಿದಳು. ಲಿಫ್ಟಜ್ಜ ಹುಡುಗಿಗೆ ಕೊನೆಯ ಸಲ ಬೈದದ್ದನ್ನು ಓದಿದಳು, ಬಾಗಿಲು ಮುಚ್ಚಿಕೊಂಡದ್ದನ್ನು ಓದಿದಳು. ಧ್ವನಿ ಒಡೆದಲ್ಲಿ ನಿಂತು, ಅದೇ ಸಾಲನ್ನು ಮತ್ತೆ ಓದಿದಳು. ಅಜ್ಜಿ ಹೊಲಿಯುತ್ತಿದ್ದ ಕೋಟಿನ ತೋಳಿನಿಂದಲೇ ಧಾರಾಳವಾಗಿ ಕಣ್ಣೊರೆಸಿಕೊಂಡಳು. ಅತ್ತಿಗೆ ಕತ್ತರಿ ಹಿಡಿದು ಗೋಡೆಯ ಕಡೆ ತಿರುಗಿ ನಿಂತಿದ್ದಳು, ಗೋಡೆಯ ಮೇಲೆ ಕತ್ತರಿಸುವಂಥದ್ದು ಏನೂ ಇರಲಿಲ್ಲ.

ಅಷ್ಟರಲ್ಲಿ ಆ ಕೋಟಿನ ಗಿರಾಕಿ ಮೆಟ್ಟಿಲು ಹತ್ತಿ ಬಂದ. "ಆಯ್ತಾ ಅಕ್ಕಾ, ನನ್ನ ಕೋಟು?"

ಅತ್ತಿಗೆ ತಿರುಗಿದಳು. ಮೂಗು ಕೆಂಪಗಾಗಿತ್ತು. "ಇವತ್ತು ಆಗಲ್ಲಪ್ಪ. ನಮ್ಮೋರೊಬ್ಬರು ತೀರ್ಕೊಂಡ್ರು."

"ಅಯ್ಯಯ್ಯೋ! ವಯಸ್ಸಾಗಿತ್ತಾ?"

"ತುಂಬಾ" ಅಂದಳು ಅಜ್ಜಿ, ಅವನ ಕೋಟಿನ ತೋಳಿಗೇ ಮೂಗು ಒತ್ತಿಕೊಂಡು.

ಪಾಪ, ಆ ಮನುಷ್ಯ ತಲೆ ತಗ್ಗಿಸಿ ಒಂದು ಗಳಿಗೆ ನಿಂತು, ಮೆಟ್ಟಿಲ ಮೇಲೆ ಸದ್ದಾಗದ ಹಾಗೆ ಇಳಿದುಹೋದ. ಅವನು ಬೀದಿ ಮುಟ್ಟುವ ತನಕ ಮೂವರೂ ಉಸಿರು ಹಿಡಿದಿದ್ದರು. ಆಮೇಲೆ ಮೊದಲು ಕಿಸಕ್ಕೆಂದವರು ಯಾರು ಅನ್ನುವುದರ ಬಗ್ಗೆ ಈಗಲೂ ಆ ಅಂಗಡಿಯಲ್ಲಿ ಜಗಳವಿದೆ.

ನಗು ಸಾಕಾದ ಮೇಲೆ ಅಜ್ಜಿ ರವಿಕೆಯ ತೋಳಿನಿಂದ ಸೂಜಿ ಕಿತ್ತು, ದಾರ ಪೋಣಿಸಲು ಅತ್ತಿಗೆಯ ಕೈಗೆ ಕೊಟ್ಟಳು. "ಹತ್ತನೇದು ಶುರು ಮಾಡಮ್ಮ. ಒಬ್ಬಳೇ ಆದ್ಲಲ್ಲ ಆ ಹುಡುಗಿ, ಏನು ಮಾಡ್ತಾಳೋ ನೋಡೋಣ."

"ನನಗೂ ಗೊತ್ತಿಲ್ಲ ಅಜ್ಜಿ" ಅಂದಳು ರೇಡಿಯೋ. "ಆಣೆ. ಅಲ್ಲಿಂದ ಮುಂದೆ ನಾನು ನೋಡಿಲ್ಲ."